ಹಕ್ಕರಕಿ ಇಲ್ಲದ ಪುಸ್ತಕ

ನನ್ನ ಅಡುಗೆಮನೆಯ ಮಾಡದಲ್ಲಿ ಹನ್ನೊಂದು ಅಡುಗೆ ಪುಸ್ತಕಗಳಿವೆ. ಎಲ್ಲವೂ ಸಸ್ಯಾಹಾರದವು. ಎಂಟು ಕನ್ನಡ, ಎರಡು ಮರಾಠಿ, ಒಂದು ಇಂಗ್ಲಿಷ್. ಈ ಹನ್ನೊಂದರಲ್ಲಿ ಒಂದರಲ್ಲೂ ಹಕ್ಕರಕಿ ಇಲ್ಲ.

ಇದು ನನಗೆ ಗೊತ್ತಾದದ್ದು ಹೋದ ಚಳಿಗಾಲದಲ್ಲಿ. ಬೆಂಗಳೂರಿನಲ್ಲಿರುವ ಮಗಳು ಫೋನ್ ಮಾಡಿ, “ಅವ್ವಾ, ಆಯಿ ಊರಾಗ ರೊಟ್ಟಿ ಜೋಡಿ ಹಸೇದ ತಿಂತಿದ್ವಲ್ಲ, ಆ ತಪ್ಪಲದ ಹೆಸರೇನು? ಯಾವ ಪುಸ್ತಕದಾಗ ಐತಿ ಹೇಳು, ತರಿಸ್ಕೊಂತೀನಿ” ಅಂದಳು. ಹೆಸರು ಹೇಳಿದೆ. ಪುಸ್ತಕ ಹೇಳಲಾಗಲಿಲ್ಲ. ಆ ಮಧ್ಯಾಹ್ನ ಹನ್ನೊಂದನ್ನೂ ಕೆಳಗಿಳಿಸಿ, ನೆಲದ ಮೇಲೆ ಹರವಿಕೊಂಡು, ಒಂದೊಂದೇ ಪುಟ ತಿರುವುತ್ತ ಕೂತೆ.

ಹಿಂಗಾರಿಯ ಬಿಳಿಜೋಳದ ಹೊಲದಲ್ಲಿ, ಕಡಲೆ ಹೊಲದಲ್ಲಿ ಹಕ್ಕರಕಿ ತಾನಾಗಿ ಹುಟ್ಟುತ್ತದೆ. ಬಿತ್ತಿದವರಿಲ್ಲ, ನೀರು ಹಾಯಿಸಿದವರಿಲ್ಲ. ನೆಲಕ್ಕೆ ಅಂಟಿಕೊಂಡು ಸುತ್ತಲೂ ಎಲೆ ಚಾಚಿರುತ್ತದೆ. ಹಸಿಯಾಗಿ ಬಾಯಿಗಿಟ್ಟರೆ ಮೊದಲು ಬರೀ ತಂಪು, ಅಗಿದ ಮೇಲೆ ಒಂದು ಎಳೆ ಕಹಿ. ಹಂಚಿನಿಂದ ಇಳಿದ ಬಿಸಿರೊಟ್ಟಿಯ ಮೇಲೆ ಕೆಂಪಖಾರ ಸವರಿ, ಅದರ ಮೇಲೆ ಕುಸುಬಿ ಎಣ್ಣೆ ಬಿಟ್ಟು, ಒಂದು ತುತ್ತಿಗೆ ಎರಡು ಎಲೆ ಹಕ್ಕರಕಿ ಕಡಿದರೆ ಖಾರದ ಉರಿಯನ್ನು ಆ ಕಹಿ ಹಿಡಿದು ಕೂಡಿಸುತ್ತದೆ. ಬೇಯಿಸುವುದಿಲ್ಲ, ಹುರಿಯುವುದಿಲ್ಲ, ಒಗ್ಗರಣೆ ಇಲ್ಲ. ಬೆಂಕಿಯನ್ನೇ ಕಾಣದ್ದಕ್ಕೆ ಪುಸ್ತಕದಲ್ಲಿ ಜಾಗವಿಲ್ಲವೇನೋ ಅಂದುಕೊಂಡೆ. ಆದರೆ ಅದೇ ಪುಸ್ತಕಗಳಲ್ಲಿ ಸಲಾಡಿಗೆ ಒಂದೊಂದು ಅಧ್ಯಾಯವೇ ಇದೆ.

ಹಾಗಾದರೆ ಪುಸ್ತಕಗಳಲ್ಲಿ ಏನಿದೆ? ಪಲಾವು ಇಪ್ಪತ್ತು ಬಗೆ, ಪನೀರು ಮೂವತ್ತು ಬಗೆ. ಆ ಮೂವತ್ತನ್ನು ಸಾಲಾಗಿ ಓದಿಕೊಂಡು ಹೋದರೆ ಉಳ್ಳಾಗಡ್ಡಿ, ಟೊಮೆಟೊ, ಗೋಡಂಬಿ ರುಬ್ಬಿದ ಅದೇ ಮಸಾಲೆ ಮತ್ತೆ ಮತ್ತೆ ಬರುತ್ತದೆ. ಮೇಲೆ ತೇಲುವ ತುಂಡು ಬದಲಾಗುತ್ತದೆ, ಹೆಸರು ಬದಲಾಗುತ್ತದೆ. ವೈವಿಧ್ಯವೆಂದು ರಟ್ಟಿನ ಮೇಲೆ ಅಚ್ಚಾದದ್ದು ಒಳಗೆ ಎಣಿಕೆಯಾಗಿ ಉಳಿದಿರುತ್ತದೆ. ನಮ್ಮ ಸೀಮೆಗೆ ‘ಉತ್ತರ ಕರ್ನಾಟಕದ ವಿಶೇಷ’ ಎಂದು ಮೂರು ಪುಟ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹೋಳಿಗೆ. ಅಷ್ಟಕ್ಕೆ ಮುಗಿಯಿತು. ಪುಂಡಿ ಪಲ್ಯ ಇಲ್ಲ, ಮಡಿಕಿ ಕಾಳು ಇಲ್ಲ, ಅಗಸಿ ಇಲ್ಲ, ಗುರೆಳ್ಳು ಇಲ್ಲ, ಕುಸುಬಿ ಹುಗ್ಗಿ ಇಲ್ಲ, ನುಚ್ಚು ಇಲ್ಲ, ಬಾನ ಇಲ್ಲ. ನನಗೆ ಬೇಸರಕ್ಕಿಂತ ಹೆಚ್ಚಾಗಿ ಕಳವಳವಾಯಿತು. ಬರೆಯದೆ ಉಳಿದ ಅಡುಗೆ ಎರಡು ತಲೆಮಾರಿನಲ್ಲಿ ನಾಲಗೆಯಿಂದಲೂ ಹೋಗುತ್ತದೆ. ನನ್ನ ಮಗಳು ಹೆಸರನ್ನಾಗಲೇ ಮರೆತಿದ್ದಳು.

ನಾನು ಮದುವೆಯಾಗಿ ಸಮೀರವಾಡಿಗೆ ಬಂದದ್ದು 1989ರಲ್ಲಿ. ತವರು ಬೀಳಗಿ ತಾಲೂಕಿನ ಎರಿಭೂಮಿಯ ಊರು. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಇಲ್ಲಿ ನೋಡಿದರೆ ಕಣ್ಣು ಹಾಯುವವರೆಗೆ ಕಬ್ಬು. ಮಹಾಲಿಂಗಪುರದ ಪಕ್ಕದಲ್ಲಿ ಗೋದಾವರಿ ಸಕ್ಕರೆ ಕಾರ್ಖಾನೆಯ ಸುತ್ತ ಬೆಳೆದ ಊರಿದು. ಘಟಪ್ರಭೆಯ ಬಯಲಿನ ಕಾರ್ಖಾನೆಗೆ ಗೋದಾವರಿಯ ಹೆಸರು ಯಾಕೆಂದು ಮೊದಮೊದಲು ಸೋಜಿಗವಾಗಿತ್ತು. ಇದರ ಸ್ಥಾಪಕರಾದ ಕರಮಶಿ ಸೋಮಯ್ಯ ಅವರು ಮೊದಲು ಮಹಾರಾಷ್ಟ್ರದ ಗೋದಾವರಿ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆ ಕಟ್ಟಿದವರು, ಹೆಸರು ಅಲ್ಲಿಂದ ಬಂತು ಎಂದು ಆಮೇಲೆ ತಿಳಿಯಿತು. ಹಂಗಾಮು ಶುರುವಾದರೆ ಗಾಳಿಯೇ ಸಿಹಿ. ಹಗಲೂ ರಾತ್ರಿ ಕಬ್ಬಿನ ಹಾಲು ಕುದಿಯುವ ವಾಸನೆ, ಕಾಕಂಬಿಯ ವಾಸನೆ. ಒಣಹಾಕಿದ ಸೀರೆಯಲ್ಲೂ ಅದೇ. ಮದುವೆಯಾದ ಹೊಸತರಲ್ಲಿ ಆ ಸಿಹಿಗೆ ನನ್ನ ತಲೆ ಸುತ್ತುತ್ತಿತ್ತು, ಹುಳಿ ಬೇಕೆನಿಸುತ್ತಿತ್ತು. ತವರಿನಿಂದ ಒಣ ಕಡ್ಲಿ ಪಲ್ಯ ತರಿಸಿ ಡಬ್ಬಿಯಲ್ಲಿಟ್ಟುಕೊಂಡಿದ್ದೆ.

ಕಾರ್ಖಾನೆಯ ಊರೆಂದರೆ ಹತ್ತು ಕಡೆಯವರ ಊರು. ನಮ್ಮ ಓಣಿಯಲ್ಲಿ ಸಾಂಗ್ಲಿ ಕಡೆಯ ಮನೆಯಿತ್ತು, ಗುಜರಾತಿನವರ ಮನೆಯಿತ್ತು, ಒಂದು ತಮಿಳರ ಮನೆ, ಕೊನೆಯಲ್ಲಿ ತೇರದಾಳದ ಜೈನರ ಮನೆ. ನನಗೆ ಅಡುಗೆ ಪುಸ್ತಕವೆಂಬುದೊಂದು ಇರುತ್ತದೆಂದು ತೋರಿಸಿದವರು ಸಾಂಗ್ಲಿಯ ವಹಿನಿ. ಅವರ ಕಟ್ಟೆಯ ಮೇಲೆ ಕಮಲಾಬಾಯಿ ಓಗಲೆಯವರ ‘ರುಚಿರಾ’ ಇರುತ್ತಿತ್ತು, ಅರಿಸಿನದ ಬೆರಳಚ್ಚು ತುಂಬಿಕೊಂಡು. 1970ರಲ್ಲಿ ಬಂದ ಆ ಪುಸ್ತಕ ಮರಾಠಿ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕಟ್ಟಿಕೊಡುವ ಪಾತ್ರೆಯಷ್ಟೇ ಸಹಜ. ಅದರ ದೊಡ್ಡತನ ಅಳತೆಯಲ್ಲಿದೆ. ತಕ್ಕಡಿಯಿಲ್ಲದ ಮನೆಗೆ ವಾಟಿ, ಚಮಚೆಯಲ್ಲೇ ಲೆಕ್ಕ ಹೇಳಿ, ಹೊಸ ಸೊಸೆಯ ಕೈ ಹಿಡಿದು ನಡೆಸಿಬಿಟ್ಟಿತು. ಓದಲಿಕ್ಕೆಂದೇ ನಾನು ಮರಾಠಿ ಅಕ್ಷರ ಕಲಿತೆ. ಕಲಿತ ಮೇಲೆ ಅನಿಸಿತು: ನಮ್ಮ ಮಾತಿನಲ್ಲಿ, ನಮ್ಮ ಹೊಲದ ಅಡುಗೆಗೆ, ಇಷ್ಟು ಅಕ್ಕರೆಯಿಂದ ಅಳತೆ ಹೇಳಿದವರು ಯಾರು?

ತಮಿಳರ ಮನೆಯ ಮಾಮಿಯ ಬಳಿ ಮೀನಾಕ್ಷಿ ಅಮ್ಮಾಳರ ‘ಸಮೈತ್ತು ಪಾರ್’ ಇತ್ತು. ಅಡುಗೆ ಮಾಡಿ ನೋಡು ಎಂದು ಅದರ ಅರ್ಥ. 1951ರ ಪುಸ್ತಕ. ನನಗೆ ಆ ಲಿಪಿ ಬಾರದು; ಅವರು ಓದಿ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ.

ಒಂದು ಹೋಳಿ ಹುಣ್ಣಿಮೆಯ ದಿನ ಆದದ್ದು ನನಗೆ ಇಂದಿಗೂ ಕಣ್ಣಮುಂದಿದೆ. ಮೂರು ಮನೆಯಿಂದ ಹೋಳಿಗೆ ಬಂತು. ನನ್ನದು ಕಡಲೆಬೇಳೆ, ಮಹಾಲಿಂಗಪುರದ ಬೆಲ್ಲ, ಯಾಲಕ್ಕಿ. ಸಾಂಗ್ಲಿಯವರದೂ ಕಡಲೆಬೇಳೆಯೇ, ಆದರೆ ಜಾಜಿಕಾಯಿ ತೇಯ್ದು ಹಾಕಿದ್ದು, ಹಾಳೆಯಷ್ಟು ತೆಳ್ಳಗೆ. ಗುಜರಾತಿ ಬೆನ್‌ ಮಾಡಿದ್ದು ತೊಗರಿಬೇಳೆಯದು, ಅಂಗೈ ಅಗಲದ್ದು, ಎರಡೂ ಕಡೆ ತುಪ್ಪ. ಮೂರನ್ನೂ ಒಂದೇ ತಾಟಿನಲ್ಲಿಟ್ಟುಕೊಂಡು ತಿಂದಾಗ ಬೇಳೆ ಬದಲಾದರೆ ಸಿಹಿಯ ಮೈಯೇ ಬದಲಾಗುತ್ತದೆ ಎಂದು ತಿಳಿಯಿತು. ತೊಗರಿಯ ಹೂರಣ ಬೆಲ್ಲವನ್ನು ಒಳಗೆಳೆದುಕೊಂಡು ಮೆತ್ತಗಾಗುತ್ತದೆ. ಕಡಲೆ ತನ್ನ ಕಾಳಿನ ಘಮವನ್ನು ಬಿಟ್ಟುಕೊಡುವುದಿಲ್ಲ. ಇನ್ನೂ ಹೆಚ್ಚು ಖುಷಿ ಕೊಟ್ಟದ್ದು ಬೇಳೆ ಬೇಯಿಸಿ ಬಸಿದ ನೀರು. ಅದನ್ನು ಚೆಲ್ಲುವ ಮನೆ ಮೂರರಲ್ಲಿ ಒಂದೂ ಇರಲಿಲ್ಲ. ನಮ್ಮಲ್ಲಿ ಕಟ್ಟಿನ ಸಾರು, ಹುಣಸೆಹಣ್ಣು, ಮಸಾಲಿ ಖಾರ, ಸುಟ್ಟ ಒಣಕೊಬ್ಬರಿ. ಸಾಂಗ್ಲಿಯವರಲ್ಲಿ ಕಟಾಚಿ ಆಮಟಿ, ಗೋಡಾ ಮಸಾಲೆಯ ಕಪ್ಪು ಘಮ. ಗುಜರಾತಿನವರಲ್ಲಿ ಓಸಾಮಣ, ತಿಳಿಯಾಗಿ, ಜೀರಿಗೆ ಕರಿಬೇವಿನ ಒಗ್ಗರಣೆಯಲ್ಲಿ. ಬಸಿದ ಒಂದೇ ನೀರಿಗೆ ಮೂರು ಹೆಸರು, ಮೂರು ರುಚಿ. ಪುಸ್ತಕದಲ್ಲಿ ವೈವಿಧ್ಯ ಅಂದರೆ ನನಗೆ ಬೇಕಾದದ್ದು ಇಂಥದ್ದು. ಇದ್ದುದನ್ನು ಕಳೆಯದೆ, ಇದ್ದುದರಲ್ಲೇ ಆಳಕ್ಕೆ ಇಳಿದು ಸಿಕ್ಕದ್ದು.

ಈ ಆಳವನ್ನು ನನಗೆ ನಿಜವಾಗಿ ಕಲಿಸಿದವರು ಓಣಿಯ ಕೊನೆಯ ಮನೆಯ ಅಜ್ಜಿ. ತೇರದಾಳದವರು. ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ, ಬಟಾಟಿ ಇಲ್ಲ, ಗಜ್ಜರಿ ಇಲ್ಲ. ನೆಲದೊಳಗೆ ಬೆಳೆಯುವ ಗಡ್ಡೆ ಯಾವುದೂ ಒಲೆ ಹತ್ತುವಂತಿಲ್ಲ. ಹಸಿಶುಂಠಿ ಬೇಡ, ಒಣಶುಂಠಿ ನಡೆಯುತ್ತದೆ. ಅಷ್ಟಮಿ, ಚತುರ್ದಶಿಗೆ ಹಸಿರು ಕಾಯಿಪಲ್ಲೆಯೂ ಇಲ್ಲ. ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು. ಇಷ್ಟೆಲ್ಲ ಬಿಟ್ಟ ಮೇಲೆ ತಿನ್ನಲು ಉಳಿಯುವುದೇನು ಎಂದು ನಾನು ಮೊದಲು ಅಂದುಕೊಂಡಿದ್ದೆ. ಚತುರ್ದಶಿಯ ದಿನವೇ ಅವರು ನನ್ನನ್ನು ಕರೆದು ಕೂಡಿಸಿದರು. ಹೆಸರುಬೇಳೆಯ ತೊವ್ವೆಗೆ ಇಂಗು, ಒಣಶುಂಠಿ, ಹುರುಳಿಯ ಕಟ್ಟು, ಸಂಡಿಗೆಯನ್ನು ಮಜ್ಜಿಗೆಯಲ್ಲಿ ನೆನೆಸಿ ಒಗ್ಗರಣೆ ಕೊಟ್ಟ ಒಂದು ಪದಾರ್ಥ, ಕಡಲೆಹಿಟ್ಟಿನ ಝುಣಕದ ವಡಿ, ಮೇಲೆ ಗಸಗಸೆ, ಒಣಕೊಬ್ಬರಿ. ಇಂಗನ್ನು ಅವರು ತುಪ್ಪದಲ್ಲಿ ಹುರಿಯುತ್ತಿದ್ದ ರೀತಿ ನೋಡಬೇಕಿತ್ತು. ಬಳ್ಳೊಳ್ಳಿಯ ಕೊರತೆ ಯಾರ ಮೂಗಿಗೂ ಬಾರದಂತೆ ಸಣ್ಣ ಉರಿಯಲ್ಲಿ, ಉಸಿರು ಹಿಡಿದು. ಬಿಟ್ಟದ್ದೆಷ್ಟೋ ಅಷ್ಟೂ ಗಮನ ಉಳಿದದ್ದರ ಮೇಲೆ ಬೀಳುತ್ತಿತ್ತು.

ತೇರದಾಳದಲ್ಲಿ 12ನೇ ಶತಮಾನದ ನೇಮಿನಾಥ ಬಸದಿ ಇದೆ. ಅಜ್ಜಿಯೇ ಒಮ್ಮೆ ಕರೆದುಕೊಂಡು ಹೋಗಿ ನೇಮಿಯ ಕತೆ ಹೇಳಿದರು. ಮದುವೆಗೆ ಹೊರಟ ನೇಮಿಕುಮಾರ ದಾರಿಯಲ್ಲಿ ಪ್ರಾಣಿಗಳ ಗೋಳು ಕೇಳುತ್ತಾನೆ. ಇವೆಲ್ಲ ಯಾಕೆ ಕೂಡಿಹಾಕಿದ್ದು ಅಂದರೆ ನಿನ್ನ ಮದುವೆಯ ಊಟಕ್ಕೆ ಅನ್ನುತ್ತಾರೆ. ಅಲ್ಲಿಂದಲೇ ರಥ ತಿರುಗಿಸಿ ಮದುವೆಯನ್ನೂ ಅರಸುತನವನ್ನೂ ಬಿಟ್ಟು ಬೆಟ್ಟ ಹತ್ತುತ್ತಾನೆ. ಇದೇ ನೇಮಿಯ ಕತೆಯನ್ನು ‘ನೇಮಿಜಿನೇಶ ಸಂಗತಿ’ಯಾಗಿ ಕನ್ನಡದಲ್ಲಿ ಬರೆದ ಕವಿ ಮೂರನೆಯ ಮಂಗರಸ. ಕಲ್ಲಹಳ್ಳಿಯವನು, ಜೈನ, 16ನೇ ಶತಮಾನದ ಆರಂಭದವನು. ಅವನೇ ‘ಸೂಪಶಾಸ್ತ್ರ’ವನ್ನೂ ಬರೆದ. ಕನ್ನಡದ ಸಸ್ಯಾಹಾರದ ಅಡುಗೆ ಪುಸ್ತಕ, ಅದೂ ವಾರ್ಧಕ ಷಟ್ಪದಿಯಲ್ಲಿ. ಊಟಕ್ಕೆಂದು ಜೀವ ತೆಗೆಯುವುದನ್ನು ಕಂಡು ಮದುವೆಯನ್ನೇ ಬಿಟ್ಟವನ ಕತೆಯನ್ನೂ, ಜೀವ ತೆಗೆಯದೆ ಮದುವೆಯೂಟವನ್ನು ತುಂಬಿಸುವ ಬಗೆಯನ್ನೂ ಒಂದೇ ಕೈ ಬರೆಯಿತು. ನನಗೆ ಇವೆರಡು ಬೇರೆ ಪುಸ್ತಕಗಳೆಂದು ಅನಿಸುವುದೇ ಇಲ್ಲ.

ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಚ್ಚು ಹಾಕಿಸಿದ ‘ಸೂಪಶಾಸ್ತ್ರ’ದ ಪ್ರತಿಯನ್ನು ನಾನು ಗ್ರಂಥಾಲಯದಲ್ಲಿ ಕೂತು ಓದಿದೆ. ಆ ಕಾಲದ ಕನ್ನಡ ನನಗೆ ಸುಲಭವಲ್ಲ, ಅಡುಗೆ ಗೊತ್ತಿದ್ದುದರಿಂದ ಅರ್ಥ ಬಿಡಿಸಿಕೊಂಡೆ. ಆರು ಅಧ್ಯಾಯ. ಹಿಟ್ಟಿನ ತಿಂಡಿಗಳಿಗೆ ಒಂದು, ಪಾನಕಗಳಿಗೆ ಒಂದು, ಅನ್ನಕ್ಕೆ ಒಂದು. ಆಮೇಲೆ ಬದನೆಗೆ ಒಂದು ಇಡೀ ಅಧ್ಯಾಯ, ಹಲಸಿಗೆ ಒಂದು, ಕೊನೆಗೆ ಬಾಳೆ ಬಿದಿರಕಳಲೆಗಳಿಗೆ. ಬದನೆಗೆ ಒಂದು ಅಧ್ಯಾಯ! ಬಹುಬೀಜವೆಂದು ಬದನೆಯನ್ನು ಮುಟ್ಟದ ಜೈನರಿದ್ದಾರೆ, ಆದರೂ ಈ ಜೈನ ಕವಿ ಅದರ ಮುಂದೆ ಪದ್ಯದ ಮೇಲೆ ಪದ್ಯ ಕಟ್ಟಿ ನಿಂತುಬಿಟ್ಟಿದ್ದಾನೆ. ತುಂಬುವುದು, ಬಾಡಿಸುವುದು, ಹುರಿಯುವುದು, ಮೊಸರಿಗೆ ಹಾಕುವುದು. ಈಗಿನ ಪುಸ್ತಕಗಳು ಮೂವತ್ತು ತರಕಾರಿಗೆ ಒಂದು ಮಸಾಲೆ ಕೊಡುತ್ತವೆ. ಅವನು ಒಂದೇ ಕಾಯಿಗೆ ಹಲವು ಕೈ ಕೊಟ್ಟ. ಷಟ್ಪದಿಯ ಲಯದಲ್ಲಿ ಇದ್ದುದರಿಂದ ಓದು ಬಾರದ ಅಡುಗೆಯವರ ಬಾಯಲ್ಲೂ ಅದು ನಿಲ್ಲಬಹುದಿತ್ತು ಎಂಬುದು ನನ್ನ ಊಹೆ.

ಆ ಪುಸ್ತಕದಲ್ಲಿ ಮೆಣಸಿನಕಾಯಿ ಇಲ್ಲ. ಇರಲು ಸಾಧ್ಯವಿಲ್ಲ, ಪೋರ್ಚುಗೀಸರ ಹಡಗುಗಳು ಅದನ್ನಿನ್ನೂ ಈ ನೆಲಕ್ಕೆ ಹರಡಿರಲಿಲ್ಲ. ಖಾರವೆಂದರೆ ಕರಿಮೆಣಸು, ಶುಂಠಿ. ಶೇಂಗಾ ಇಲ್ಲ, ಬಟಾಟಿ ಇಲ್ಲ, ಟೊಮೆಟೊ ಇಲ್ಲ. ಓದಿದ ದಿನ ಮನೆಗೆ ಬಂದು ಎಣ್ಣೆಗಾಯಿ ಮಾಡುತ್ತ ಕೈ ನಿಂತಿತು. ಬದನೆಯ ಹೊಟ್ಟೆಯಲ್ಲಿ ನಾನು ತುಂಬುತ್ತಿದ್ದ ಹೂರಣದ ಅರ್ಧ ಶೇಂಗಾ ಮತ್ತು ಬ್ಯಾಡಗಿ ಮೆಣಸಿನಕಾಯಿ. ಎರಡೂ ಅಮೆರಿಕದಿಂದ ಕಡಲು ದಾಟಿ ಬಂದವು. ಇನ್ನರ್ಧ ಎಳ್ಳು, ಗುರೆಳ್ಳು, ಹುಣಸೆ, ಬೆಲ್ಲ. ಗುರೆಳ್ಳು ಕೂಡ ಎಂದೋ ಇಥಿಯೋಪಿಯಾದಿಂದ ಬಂದದ್ದಂತೆ. ಜೋಳದ ಮೂಲವೂ ಆಫ್ರಿಕಾ. ಬಂದವರನ್ನೆಲ್ಲ ಈ ಎರಿಮಣ್ಣು ತನ್ನವರನ್ನಾಗಿ ಮಾಡಿಕೊಂಡಿತು. ಇಲ್ಲಿಂದ ಹತ್ತಿರದಲ್ಲೇ ಇರುವ ಮುಧೋಳ ರನ್ನನ ಊರು. ಅವನ ತಾಯಿ ಅಬ್ಬಲಬ್ಬೆ ಹತ್ತನೆಯ ಶತಮಾನದಲ್ಲಿ ಮಗನಿಗೆ ಯಾವ ಖಾರ ಹಾಕಿ ಬದನೆ ಮಾಡಿ ಬಡಿಸಿರಬಹುದು ಎಂದು ಎಣ್ಣೆಗಾಯಿ ಮಾಡುವಾಗೆಲ್ಲ ನನಗೆ ನೆನಪಾಗುತ್ತದೆ. ಕವಿಯ ಪದ ಉಳಿಯಿತು, ತಾಯಿಯ ಕೈ ಉಳಿಯಲಿಲ್ಲ.

ಮಂಗರಸನಿಗಿಂತ ಸುಮಾರು ಐನೂರು ವರ್ಷ ಮುಂಚೆ, 1025ರಲ್ಲಿ, ಚಾಲುಕ್ಯರ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯ ‘ಲೋಕೋಪಕಾರ’ ಬರೆದ. ಅದರಲ್ಲೂ ಅಡುಗೆಗೆ ಒಂದು ಭಾಗ ಇದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಡುಗೆಯ ಅಕ್ಕಪಕ್ಕ ಏನಿದೆ ಎಂಬುದು. ನೆಲದಲ್ಲಿ ನೀರು ಎಲ್ಲಿದೆ ಎಂದು ಹುಡುಕುವ ಬಗೆ, ಗಿಡಮರಗಳ ಆರೈಕೆ, ಮನೆ ಕಟ್ಟುವುದು, ಔಷಧ, ಇವುಗಳ ನಡುವೆ ಅಡುಗೆ. ಬಾವಿಯಿಂದ, ಹೊಲದಿಂದ ಬೇರೆಯಾದ ಒಲೆಯೊಂದಿದೆ ಎಂದು ಆ ಪುಸ್ತಕಕ್ಕೆ ಗೊತ್ತೇ ಇಲ್ಲ.

ನನ್ನ ಹನ್ನೊಂದು ಪುಸ್ತಕಗಳಲ್ಲಿ ಅಡುಗೆ ಅಂಗಡಿಯಿಂದ ಶುರುವಾಗುತ್ತದೆ. ‘ಬೇಕಾಗುವ ಸಾಮಗ್ರಿ’ ಎಂಬ ಮೊದಲ ಸಾಲಿನ ಹಿಂದೆ ಹೊಲವಿಲ್ಲ, ತಿಂಗಳಿಲ್ಲ, ಮಳೆಯಿಲ್ಲ. ನನ್ನ ತವರಿನ ಅಡುಗೆ ಹಾಗಿರಲಿಲ್ಲ. ಅಪ್ಪ ಜೋಳದ ನಡುವೆ ಅಕ್ಕಡಿ ಸಾಲು ಹಾಕುತ್ತಿದ್ದ: ತೊಗರಿ, ಹೆಸರು, ಮಡಿಕಿ, ಅಲ್ಲಲ್ಲಿ ಪುಂಡಿ, ಸುತ್ತ ಅಂಚಿಗೆ ಗುರೆಳ್ಳು, ದನ ಒಳಗೆ ನುಗ್ಗದಂತೆ ಮುಳ್ಳಿನ ಕುಸುಬಿ. ಬಿತ್ತುವಾಗಲೇ ವರ್ಷದ ಊಟವನ್ನು ಅವನು ಬರೆದಿಟ್ಟಂತಿತ್ತು. ಅವ್ವ ಆ ಸಾಲುಗಳನ್ನೇ ಓದಿ ಅಡುಗೆ ಮಾಡುತ್ತಿದ್ದಳು. ಕುಸುಬಿ ಎಳೆಯದಿದ್ದಾಗ ತಪ್ಪಲ ಪಲ್ಯ, ಬಲಿತ ಮೇಲೆ ಎಣ್ಣೆ, ಹಬ್ಬಕ್ಕೆ ಅದೇ ಕುಸುಬಿ ರುಬ್ಬಿ ಹಿಂಡಿದ ಹಾಲಲ್ಲಿ ಕುಟ್ಟಿದ ಗೋದಿ, ಬೆಲ್ಲ ಹಾಕಿ ಹುಗ್ಗಿ. ಪುಂಡಿಯ ಎಲೆಗೆ ಜೋಳದ ನುಚ್ಚು, ತೊಗರಿಬೇಳೆ ಸೇರಿಸಿ, ಮೇಲೆ ಬಳ್ಳೊಳ್ಳಿಯ ಒಗ್ಗರಣೆ. ಚಳಿಗಾಲದಲ್ಲಿ ಕಡಲೆ ಗಿಡದ ಮೇಲೆ ರಾತ್ರಿ ಬಿಳಿ ಅರಿವೆ ಹಾಸಿ ಬರುತ್ತಿದ್ದಳು. ಬೆಳಗ್ಗೆ ಹೋದರೆ ಮಂಜಿಗೆ ಅರಿವೆ ತೊಯ್ದಿರುತ್ತಿತ್ತು. ಹಿಂಡಿದರೆ ಬಟ್ಟಲಲ್ಲಿ ಹುಳಿ. ಕಡಲೆ ಗಿಡದ ಮೈಯ ಸಣ್ಣ ರೋಮಗಳು ಮಾಲಿಕ್, ಆಕ್ಸಾಲಿಕ್ ಆಮ್ಲಗಳನ್ನು ಒಸರುತ್ತವೆ, ಇಬ್ಬನಿ ಅದನ್ನು ಕರಗಿಸಿಕೊಳ್ಳುತ್ತದೆ ಎಂದು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಹೊಟ್ಟೆನೋವೆಂದರೆ ಅದರ ನಾಲ್ಕು ಹನಿ ನಾಲಗೆಗೆ. ಹುಣಸೆಗೂ ನಿಂಬೆಗೂ ಇಲ್ಲದ, ಚಳಿಯ ವಾಸನೆಯಿರುವ ಹುಳಿ ಅದು. ಯಾವ ಪುಸ್ತಕದ ಯಾವ ಚಮಚೆ ಅದನ್ನು ಅಳೆಯಬೇಕು?

ಇಲ್ಲಿಯ ಹೊಲಗಳೂ ಮೊದಲು ಹಾಗೆಯೇ ಇದ್ದವೆಂದು ಅತ್ತೆ ಹೇಳುತ್ತಿದ್ದರು. 1977ರಲ್ಲಿ ಘಟಪ್ರಭೆಯ ಹಿಡಕಲ್ ಅಣೆಕಟ್ಟು ಮುಗಿಯಿತು, ಕಾಲುವೆ ಬಂತು, ಕೊಳವೆಬಾವಿ ಬಂತು, ಕಬ್ಬು ಹಬ್ಬಿತು. ಕಬ್ಬಿನ ಬಗ್ಗೆ ನಾನು ಕೆಟ್ಟ ಮಾತಾಡಲಾರೆ. ನನ್ನ ಮಕ್ಕಳ ಓದು, ಮಗಳ ಮದುವೆ, ಈ ಮನೆಯ ಗೋಡೆ ಎಲ್ಲ ಕಬ್ಬಿನಿಂದ. ಆದರೆ ಕಬ್ಬು ಒಂದು ವರ್ಷ ಹೊಲವನ್ನು ಹಿಡಿದು ಕೂರುತ್ತದೆ, ಕಡಿದ ಮೇಲೆ ಕೂಳೆಯಾಗಿ ಮತ್ತೆ ಅಲ್ಲೇ ಏಳುತ್ತದೆ. ನಡುವೆ ಅಕ್ಕಡಿಗೆ ಜಾಗವಿಲ್ಲ. ಕಳೆನಾಶಕ ಹೊಡೆದ ಸಾಲಿನಲ್ಲಿ ಹಕ್ಕರಕಿ ಏಳುವುದಿಲ್ಲ, ಎದ್ದರೂ ತಿನ್ನಬಾರದು. ಒಂದು ಎಕರೆಯಲ್ಲಿ ಹುಳಿ, ಕಹಿ, ಒಗರು, ಎಣ್ಣೆಯ ಜಿಡ್ಡು ಎಲ್ಲ ಇದ್ದ ಜಾಗದಲ್ಲಿ ಈಗ ಒಂದೇ ರುಚಿ ನಿಂತಿದೆ. ಹೊಲದಲ್ಲಿ ಬಗೆಗಳು ಕಡಿಮೆಯಾದ ಕಾಲದಲ್ಲೇ ಪುಸ್ತಕಗಳಲ್ಲಿ ಬಗೆಗಳ ಎಣಿಕೆ ಏರಿತು. ಇವೆರಡಕ್ಕೂ ನಂಟಿದೆ ಎಂದೇ ನನ್ನ ನಂಬಿಕೆ. ಕಾಯಿಪಲ್ಲೆಗೆ ತನ್ನದೇ ರುಚಿ ಇಲ್ಲದಾದಾಗ ಮಸಾಲೆಗೆ ಹೆಚ್ಚು ಹೆಸರು ಬೇಕಾಗುತ್ತದೆ.

ಹಂಗಾಮಿಗೆ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಹೆಚ್ಚಿನವರು ಒಣ ಸೀಮೆಯವರು, ವಿಜಯಪುರದ ತಾಂಡಾಗಳಿಂದ, ಮಹಾರಾಷ್ಟ್ರದ ಬೀಡ ಕಡೆಯಿಂದ. ಬೆಳಗಿನ ನಾಲ್ಕಕ್ಕೆ ಅವರ ಜೋಪಡಿಗಳ ಮುಂದೆ ರೊಟ್ಟಿ ಬಡಿಯುವ ಸದ್ದು ಶುರು. ಒಮ್ಮೆ ಕಾಲುವೆಯ ದಾರಿಯಲ್ಲಿ ಹೊರಟಿದ್ದೆ. ಕಬ್ಬು ಕಡಿದು ದಣಿದು ಬರುತ್ತಿದ್ದ ಹೆಣ್ಣುಮಗಳೊಬ್ಬಳು ಬದುವಿನ ಮೇಲೆ ಬಾಗಿ ಬಾಗಿ ಏನೋ ಚಿವುಟಿ ಉಡಿಗೆ ಹಾಕಿಕೊಳ್ಳುತ್ತಿದ್ದಳು. ನೋಡಿದರೆ ಕಿರಕಸಾಲಿ, ಗೋಳಿ ಪಲ್ಯ. ಆ ಬದುವಿನ ಮೇಲೆ ಮೂವತ್ತು ವರ್ಷ ನಡೆದಿದ್ದೆ. ನನ್ನ ಕಣ್ಣಿಗೆ ಅದು ಹುಲ್ಲಾಗಿತ್ತು. “ಹೆಂಗ ಮಾಡ್ತಿ ತಂಗಿ?” ಎಂದು ಕೇಳಿದೆ. “ಹೆಂಗಂದ್ರ? ಬಳ್ಳೊಳ್ಳಿ, ಹಸಿಮೆಣಸಿನಕಾಯಿ ಜಜ್ಜಿ ಎಣ್ಯಾಗ ಹಾಕೋದು, ಇದನ್ನ ಹಾಕೋದು. ನೀರ ಹಾಕಬ್ಯಾಡ್ರಿ, ಅದಕ್ಕ ತಂದ ನೀರೈತಿ” ಅಂದಳು. ‘ತಂದ ನೀರೈತಿ’ ಅಂದ ಮಾತು ನನ್ನೊಳಗೆ ಕೂತುಬಿಟ್ಟಿತು. ಗೋಳಿಯ ದಪ್ಪ ಎಲೆಯಲ್ಲಿ ನೀರು, ಜೊತೆಗೆ ಮೆಲ್ಲನೆಯ ಹುಳಿ. ಒಂದು ಪುಟದ ಪಾಕವಿಧಾನ ಹೇಳಲಾಗದ್ದನ್ನು ಅವಳು ನಡೆಯುತ್ತ ನಡೆಯುತ್ತ ಹೇಳಿ ಹೋದಳು. ಅವಳ ಉಡಿಯಲ್ಲಿದ್ದುದು ನನ್ನ ಮಾಡದ ಹನ್ನೊಂದು ಪುಸ್ತಕಗಳಿಗೆ ಸೇರದ ಪುಟ.

ರುಚಿಯನ್ನು ಬರೆಯಲು ಬರುವುದಿಲ್ಲ, ಅದು ಕೈಗುಣ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೈಗುಣವೆಂದು ಹೊಗಳಿ ಬಿಟ್ಟರೆ ಆ ಕೈ ಹೋದ ದಿನ ಅಡುಗೆಯೂ ಹೋಗುತ್ತದೆ. ಬರೆಯಬಹುದು, ಗಡಿಯಾರದ ಮಾತು ಬಿಟ್ಟು ಒಲೆಯ ಮಾತಿನಲ್ಲಿ ಬರೆಯಬೇಕು. ಜೋಳದ ರೊಟ್ಟಿಗೆ ಪುಸ್ತಕಗಳು ‘ಎರಡು ಕಪ್ ಹಿಟ್ಟು, ಒಂದು ಕಪ್ ಬಿಸಿನೀರು’ ಅನ್ನುತ್ತವೆ. ಅಷ್ಟನ್ನು ನಂಬಿ ಬಡಿದರೆ ಅಂಚು ಬಿರಿಯುತ್ತದೆ. ಗೋದಿಯಲ್ಲಿ ಹಿಟ್ಟನ್ನು ಹಿಡಿಯುವ ಗ್ಲುಟೆನ್ ಇದೆ, ಜೋಳದಲ್ಲಿ ಇಲ್ಲ. ಅದಕ್ಕೇ ಕುದಿಯುವ ನೀರು ಬೇಕು. ಆ ಕುದಿಗೆ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗಿ ರೊಟ್ಟಿಯನ್ನು ಕಟ್ಟುತ್ತದೆ. ಹಿಟ್ಟು ಬೀಸಿ ದಿನವಾದಷ್ಟೂ ಜಿಗಿ ಹೋಗುತ್ತದೆ, ಆಗ ಎಸರು ಇನ್ನಷ್ಟು ಕಾದಿರಬೇಕು, ಇನ್ನಷ್ಟು ನಾದಬೇಕು. ಹಿಟ್ಟು ಯಾವಾಗ ಬೀಸಿದ್ದು ಎಂದು ಕೇಳದ ಪುಸ್ತಕ ರೊಟ್ಟಿ ಕಲಿಸಲಾರದು. ಅವ್ವ ಹಿಡಿ ಹಿಟ್ಟನ್ನು ಬಾಯಲ್ಲಿ ಹಾಕಿಕೊಂಡು “ಇದಕ್ಕ ಜಿಗಿ ಇಲ್ಲ, ಎಸರ ಏರಸು” ಅನ್ನುತ್ತಿದ್ದಳು. ಗುರೆಳ್ಳನ್ನು ಹುರಿಯುವುದಕ್ಕೆ ‘ಐದು ನಿಮಿಷ’ ಅನ್ನುವುದಕ್ಕಿಂತ ಚಟಚಟ ನಿಂತು ಎಣ್ಣೆಯ ವಾಸನೆ ಬಾಗಿಲು ದಾಟಿದಾಗ ಇಳಿಸು ಅನ್ನುವುದು ನಿಖರ. ಹೂರಣದ ಹದಕ್ಕೆ ಸೌಟು ನೆಟ್ಟಗೆ ನಿಲ್ಲಬೇಕು. ಜಿಗಿ, ಎಸರು, ಹದ, ಕಮರು, ಸ್ವಾರಿ, ಬಿರಿ: ಈ ಪದಗಳೇ ನಮ್ಮ ತಕ್ಕಡಿ. ಪುಸ್ತಕದಲ್ಲಿ ಇವು ಇಲ್ಲದಿದ್ದರೆ ಅದರ ಕನ್ನಡ ಲಿಪಿ ನಮ್ಮದಾದರೂ ಅಡುಗೆ ನಮ್ಮದಾಗುವುದಿಲ್ಲ.

ಮಗಳು ಫೋನ್ ಮಾಡಿದ ಆ ಮಧ್ಯಾಹ್ನ ಪುಸ್ತಕಗಳನ್ನು ಮೇಲಿಟ್ಟು ಇನ್ನೂರು ಪುಟದ ಒಂದು ವಹಿ ತೆಗೆದೆ. ಪಲ್ಯ, ಸಾರು, ಸಿಹಿ ಎಂದು ವಿಂಗಡಿಸಲು ಹೊರಟೆ, ಆಗಲಿಲ್ಲ. ಕೊನೆಗೆ ಹನ್ನೆರಡು ತಿಂಗಳು ಹಾಕಿಕೊಂಡೆ. ಕಾರಹುಣ್ಣಿಮೆಗೆ ಏನಿರುತ್ತದೆ, ನಾಗರಪಂಚಮಿಗೆ ಏನು ಹುರಿಯುತ್ತೇವೆ, ಸೀಗಿ ಹುಣ್ಣಿಮೆಗೆ ಹೊಲಕ್ಕೆ ಯಾವ ಬುತ್ತಿ, ಎಳ್ಳಮಾಸಿಗೆ ಚರಗ ಚೆಲ್ಲುವಾಗ ಸಜ್ಜಿ ಕಡಬಿನ ಜೊತೆ ಯಾವ ಕಾಳು. ಪ್ರತಿ ಪದಾರ್ಥದ ಮೇಲೆ ಅದು ಯಾವ ಹೊಲದ್ದು, ಬಿತ್ತಿದ್ದೋ ತಾನಾಗಿ ಹುಟ್ಟಿದ್ದೋ, ಯಾರ ಕೈಯಿಂದ ಕಲಿತದ್ದು ಎಂದು ಬರೆಯುತ್ತಿದ್ದೇನೆ. ತೇರದಾಳದ ಅಜ್ಜಿ ಈಗ ಇಲ್ಲ. ಅವರ ಚತುರ್ದಶಿಯ ಊಟಕ್ಕೆ ನಾಲ್ಕು ಪುಟ ಆಗಿದೆ. ಹೋಳಿ ಹುಣ್ಣಿಮೆಯ ಪುಟದಲ್ಲಿ ಬಸಿದ ನೀರಿನ ಮೂರೂ ಹೆಸರಿವೆ. ಬದನೆ ಹದಿನಾಲ್ಕು ಬಗೆಗೆ ಬಂದು ನಿಂತಿದೆ. ಮಂಗರಸನನ್ನು ಮುಟ್ಟಬೇಕೆಂಬ ಆಸೆ ಇದೆ.

ಹೋದ ಎಳ್ಳಮಾಸಿಗೆ ಮಗಳು ಬಂದಳು. ಇಬ್ಬರೂ ಬೀಳಗಿ ಕಡೆಯ ಬಸ್ಸು ಹತ್ತಿದೆವು. ತವರಿನ ಹೊಲದ ಅರ್ಧದಲ್ಲಿ ಈಗ ಅಲ್ಲಿಯೂ ಕಬ್ಬು. ಉಳಿದರ್ಧದಲ್ಲಿ ಅಣ್ಣ ಕಡಲೆ ಹಾಕಿದ್ದ. ಮಗಳು ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತು ಹುಡುಕಿದಳು. ಮೊದಲನೆಯದನ್ನು ನಾನು ತೋರಿಸಿದೆ, ಎರಡನೆಯದನ್ನು ಅವಳೇ ಕಂಡಳು. ರಾತ್ರಿ ಅವಳ ಕೈಯಲ್ಲೇ ವಹಿ ಕೊಟ್ಟು, ನಾನು ಹೇಳುತ್ತ ಹೋದೆ, ಅವಳು ಬರೆದಳು:

“ಹಕ್ಕರಕಿ. ಎಳ್ಳಮಾಸಿ ಹಿಂದ ಮುಂದ. ಕಡ್ಲಿ ಹೊಲ, ಬಿಳಿಜ್ವಾಳದ ಹೊಲ. ಔಷಧ ಹೊಡದ ಹೊಲ ಬ್ಯಾಡ. ಮಂಜ ಆರಿದ ಮ್ಯಾಲ, ಬಿಸಲ ಏರೂಕಿಂತ ಮದ್ಲ ಕೀಳಬೇಕು. ಹೂ ಬಂದಿದ್ರ ಬಿಡ್ರಿ, ಕಹಿ ಹೆಚ್ಚಾಗಿರತೈತಿ, ಬೀಜಾನೂ ಬೀಳಬೇಕು. ಬೇರ ಕೀಳಬ್ಯಾಡ್ರಿ, ಎಲಿ ಅಷ್ಟ ಚೂಟ್ರಿ. ಎರಡ ಸಲ ತೊಳೀರಿ, ಮಣ್ಣ ಒಳಗ ಕುಂತಿರತೈತಿ. ಹೆಚ್ಚಬ್ಯಾಡ್ರಿ. ರೊಟ್ಟಿ ಹಂಚಿನ ಮ್ಯಾಲ ಇದ್ದಾಗ ತಾಟಿಗೆ ಹಾಕ್ರಿ.”